ತ್ರಿವೇಣಿಯ ಕಥೆ, ಸುಶೀಲಾ ಕಂಠ

ಗಾಯಕಿ ಪಿ. ಸುಶೀಲಾ ಹುಟ್ಟಿದ್ದು 1935ರಲ್ಲಿ, ಆಂಧ್ರದ ವಿಜಯನಗರಂನಲ್ಲಿ. ಮನೆಮಾತು ತೆಲುಗು. ಆದರೂ ಅವರ ಜನಪ್ರಿಯ ಕನ್ನಡ ಹಾಡುಗಳ ಜಾಡು ಹಿಡಿದು ಹೊರಟರೆ ಮಂಡ್ಯ ಸಿಗುತ್ತದೆ.

ಮನಶ್ಶಾಸ್ತ್ರ ಓದಿದ್ದ ಕಾದಂಬರಿಗಾರ್ತಿ ತ್ರಿವೇಣಿ 1928ರಲ್ಲಿ ಜನಿಸಿದ ಊರಿದು. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದರು, ಕೆಲವೇ ವರ್ಷಗಳಲ್ಲಿ ‘ಶರಪಂಜರ’ವೂ ಬಂತು. ಎರಡಕ್ಕೂ ಕಲ್ಪನಾ ನಾಯಕಿ, ವಿಜಯಭಾಸ್ಕರ್ ಸಂಗೀತ. 1963ರಲ್ಲೇ ತೀರಿಕೊಂಡ ತ್ರಿವೇಣಿಗೆ ಈ ಚಿತ್ರಗಳ ಹಾಡುಗಳನ್ನು ಕೇಳುವ ಭಾಗ್ಯವಿರಲಿಲ್ಲ.

‘ಶರಪಂಜರ’ದ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದವಳು. ವನವಾಸ ಮುಗಿಸಿ ಬಂದ ಸೀತೆಯ ಕಥೆಯನ್ನು ಹಾಡುತ್ತಾ ತನ್ನ ನೋವನ್ನೇ ತೋಡಿಕೊಳ್ಳುತ್ತಾಳೆ. ಆ ಹಾಡಿನಲ್ಲಿ ಸುಶೀಲಾ ಅವರ ಒಂದೊಂದು ಅಕ್ಷರವೂ ತಿಳಿಯಾಗಿ ಕಿವಿಗೆ ಬೀಳುತ್ತದೆ, ತೆಲುಗಿನ ನೆರಳೂ ಸುಳಿಯುವುದಿಲ್ಲ. ಕನ್ನಡ ಚಿತ್ರಗೀತೆಗಳಲ್ಲಿ ಹೆಣ್ಣಿನ ಸಂಕಟಕ್ಕೆ ಇಷ್ಟು ಘನತೆ ಸಿಕ್ಕ ಉದಾಹರಣೆಗಳು ಕಡಿಮೆ.

ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ನಟ ಅಂಬರೀಶ್ ಮೊದಲು ತೆರೆಗೆ ಬಂದ ‘ನಾಗರಹಾವು’ (1972) ಕೂಡ ಪುಟ್ಟಣ್ಣನವರದೇ. ಅದರಲ್ಲೂ ಸುಶೀಲಾ ಹಾಡಿದ್ದಾರೆ.

ಭಾರತ ಸರ್ಕಾರ 2008ರಲ್ಲಿ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು.