ಕಂಪ್ಯೂಟರಿನ ಮೊದಲ ಬಾಗಿಲು: ರ‍್ಯಾನ್ಸಮ್‌ವೇರ್ ಇತಿಹಾಸದ ಪಾಠ



ನಮ್ಮ ಶಾಲೆಗಳ ದಾಖಲಾತಿ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಇಂದು ಕಂಪ್ಯೂಟರಿನಲ್ಲಿವೆ. ಇಂಥ ಕಡತಗಳಿಗೆ ಗುಪ್ತಲಿಪಿಯ ಬೀಗ ಜಡಿದು, ತೆರೆಯಲು ಹಣ ಕೇಳುವ ದುಷ್ಟ ತಂತ್ರಾಂಶವೇ ರ‍್ಯಾನ್ಸಮ್‌ವೇರ್. ಹಣ ಕೇಳುವ ಪರದೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದರೆ ಅದಕ್ಕೂ ಮುಂಚೆ ಇವುಗಳಲ್ಲಿ ಹಲವು ಒಂದು ಗುರುತು ಬಿಡುತ್ತವೆ. ಕಂಪ್ಯೂಟರ್ ಚಾಲೂ ಆಗುವ ಕ್ರಮವನ್ನೇ, ಅಂದರೆ ‘ಬೂಟ್’ ವ್ಯವಸ್ಥೆಯನ್ನೇ ತಿದ್ದುತ್ತವೆ. ಈ ಗುರುತನ್ನು ಹಿಡಿಯಲು ತಜ್ಞರು ಕಲಿತದ್ದು ಹೇಗೆಂದು ನೋಡೋಣ.

1986ರಲ್ಲಿ ಪಾಕಿಸ್ತಾನದ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸಹೋದರರು ಬರೆದ ‘ಬ್ರೈನ್’ ವೈರಸ್, ಯಂತ್ರ ಮೊದಲು ಓದುವ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ತಾನು ಕುಳಿತು ಮೂಲವನ್ನು ಬೇರೆಡೆ ಬಚ್ಚಿಟ್ಟಿತು. ಪರೀಕ್ಷಿಸಲು ಹೋದವರಿಗೆ ಆ ಮೂಲವನ್ನೇ ತೋರಿಸಿ ನಂಬಿಸುತ್ತಿತ್ತು. ಅದು ಹಣ ಕೇಳಲಿಲ್ಲ. ಆದರೂ ಮೊದಲ ಪಾಠ ಕಲಿಸಿತು: ಸೋಂಕು ತಗುಲಿದ ಯಂತ್ರದ ಸಾಕ್ಷ್ಯವನ್ನು ನಂಬಬಾರದು, ಶುದ್ಧವಾದ ಬೇರೆ ಫ್ಲಾಪಿಯಿಂದ ಚಾಲೂ ಮಾಡಿಯೇ ಪರೀಕ್ಷಿಸಬೇಕು.

1989ರ ಡಿಸೆಂಬರಿನಲ್ಲಿ ಏಡ್ಸ್ ರೋಗದ ಮಾಹಿತಿಯೆಂಬ ಹೆಸರಿನ ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಅನೇಕ ದೇಶಗಳಿಗೆ ಹೋದವು. ಇದರ ಆರೋಪಿ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ. ಆ ತಂತ್ರಾಂಶ ‘ಆಟೋಎಕ್ಸೆಕ್’ ಎಂಬ ಆರಂಭಿಕ ಕಡತವನ್ನು ತಿದ್ದಿ, ಯಂತ್ರ ಎಷ್ಟು ಬಾರಿ ಚಾಲೂ ಆಯಿತೆಂದು ಎಣಿಸುತ್ತಿತ್ತು. ಎಣಿಕೆ ಸುಮಾರು 90 ತಲುಪಿದಾಗ ಕಡತಗಳ ಹೆಸರುಗಳನ್ನು ಗುಪ್ತಲಿಪಿಗೆ ತಿರುಗಿಸಿ, ಪನಾಮದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿರೆಂದು ಕೇಳಿತು. ಯೋಚಿಸಿ ನೋಡಿ: ಆ ಒಂದು ಕಡತವನ್ನು ತೆರೆದು ನೋಡಿದವರಿಗೆ ಅಷ್ಟೂ ದಿನಗಳ ಕಾಲಾವಕಾಶವಿತ್ತು!

2016ರ ಮಾರ್ಚಿನಲ್ಲಿ ಬಂದ ‘ಪೆಟ್ಯಾ’ ಆ ಅವಕಾಶವನ್ನು ನಿಮಿಷಗಳಿಗೆ ಇಳಿಸಿತು. ಅದು ಹಾರ್ಡ್‌ಡಿಸ್ಕಿನ ಮಾಸ್ಟರ್ ಬೂಟ್ ರೆಕಾರ್ಡನ್ನು ಬದಲಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿಸಿ, ಡಿಸ್ಕ್ ದುರಸ್ತಿಯ ಸುಳ್ಳು ಪರದೆ ತೋರಿಸುತ್ತ ಕಡತಗಳ ಸೂಚಿಗೆ ಬೀಗ ಹಾಕುತ್ತಿತ್ತು. ಮತ್ತೆ ಚಾಲೂ ಆಗುವ ಮುನ್ನವೇ ಗುರುತಿಸಿ ಯಂತ್ರ ನಿಲ್ಲಿಸಿದರೆ ಕಡತಗಳನ್ನು ಉಳಿಸಿಕೊಳ್ಳಬಹುದಿತ್ತು. 2017ರ ಜೂನ್ 27ರಂದು ಉಕ್ರೇನಿನಿಂದ ಹರಡಿದ ‘ನಾಟ್‌ಪೆಟ್ಯಾ’ ಇದೇ ದಾರಿ ಹಿಡಿಯಿತು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನ ಕೆಲಸಕ್ಕೂ ಅಡ್ಡಿಯಾಯಿತು. ಹಣ ಕೊಟ್ಟರೂ ಕಡತ ಮರಳುವ ದಾರಿಯೇ ಅದರಲ್ಲಿರಲಿಲ್ಲ.

ಅದೇ ವರ್ಷದ ಮೇ ತಿಂಗಳ ‘ವಾನಾಕ್ರೈ’ ಮಾಡಿದ್ದು ಬೇರೆ. ವಿಂಡೋಸಿನದೇ ಆದ ‘ಬಿಸಿಡಿಎಡಿಟ್’ ಉಪಕರಣದಿಂದ ಆರಂಭಿಕ ದುರಸ್ತಿಯ ಸೌಲಭ್ಯವನ್ನು ನಿಲ್ಲಿಸಿ, ಹಳೆಯ ನೆರಳು ಪ್ರತಿಗಳನ್ನು ಅಳಿಸುತ್ತಿತ್ತು. 2019ರಲ್ಲಿ ವರದಿಯಾದ ‘ಸ್ನ್ಯಾಚ್’ ಯಂತ್ರವನ್ನು ಸೇಫ್ ಮೋಡಿನಲ್ಲಿ ಚಾಲೂ ಮಾಡಿಸಿತು. ಅಲ್ಲಿ ಅನೇಕ ಆಂಟಿವೈರಸ್‌ಗಳು ಕೆಲಸ ಮಾಡುವುದಿಲ್ಲ. ಕಳ್ಳನು ಮನೆಯ ಕತ್ತಿಯನ್ನೇ ಬಳಸುವುದರಿಂದ ಕತ್ತಿಯನ್ನು ನೋಡಿ ಕಳ್ಳನನ್ನು ಹಿಡಿಯಲಾಗದು. ಅದು ಮಾಡುವ ಕೆಲಸವನ್ನು ನೋಡಬೇಕು. ದುರಸ್ತಿ ನಿಲ್ಲಿಸುವ ಆಜ್ಞೆ, ಪ್ರತಿ ಅಳಿಸುವ ಆಜ್ಞೆ, ಬೂಟ್ ಬದಲಾವಣೆ ಇವು ಒಂದರ ಹಿಂದೊಂದು ಬಂದರೆ ಅದು ಅಪಾಯದ ಗಂಟೆ. ವಿಂಡೋಸ್ ಇವನ್ನು ತನ್ನ ದಾಖಲೆಯಲ್ಲಿ ಬರೆದಿಡಬಲ್ಲದು. ಆ ಆಯ್ಕೆಯನ್ನು ಮೊದಲೇ ತೆರೆದಿರಬೇಕು. ಬ್ರೈನ್ ಕಲಿಸಿದ ಪಾಠದಂತೆ, ಆ ದಾಖಲೆಯ ಒಂದು ಪ್ರತಿ ಬೇರೆ ಯಂತ್ರದಲ್ಲಿರಬೇಕು.

ನಂಬಿಕೆಯ ಸಹಿ ಇಲ್ಲದ ಆರಂಭಿಕ ತಂತ್ರಾಂಶವನ್ನು ತಡೆಯಲು ‘ಸೆಕ್ಯೂರ್ ಬೂಟ್’ ಎಂಬ ಕಾವಲು ಬಂದಿದೆ. ಆದರೆ 2025ರಲ್ಲಿ ಸಂಶೋಧಕರು ವಿವರಿಸಿದ ‘ಹೈಬ್ರಿಡ್‌ಪೆಟ್ಯಾ’, ಸುರಕ್ಷತಾ ಅಪ್‌ಡೇಟ್ ಹಾಕದ ಯಂತ್ರಗಳಲ್ಲಿ ಆ ಕಾವಲನ್ನೂ ದಾಟಬಲ್ಲದೆಂದು ತೋರಿಬಂತು. ಕಾವಲುಗಾರನಿಗೂ ಕಾಲಕಾಲಕ್ಕೆ ತರಬೇತಿ ಬೇಕು.

ವಿದ್ಯಾರ್ಥಿ ಮಿತ್ರರೇ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆ ಬೇಡ. ಕೇಳದೆಯೇ ಯಂತ್ರ ಮತ್ತೆ ಚಾಲೂ ಆದರೆ, ತಾನಾಗಿ ಸೇಫ್ ಮೋಡಿಗೆ ಹೋದರೆ, ಅದರ ನೆಟ್‌ವರ್ಕ್ ಕೇಬಲ್ ತೆಗೆದು ತಿಳಿದವರಿಗೆ ಕೂಡಲೇ ಹೇಳಿ. ಮುಖ್ಯ ಕಡತಗಳ ಒಂದು ಪ್ರತಿ ಸದಾ ಕಂಪ್ಯೂಟರಿನಿಂದ ಹೊರಗೆ, ಬೇರೆ ಡಿಸ್ಕಿನಲ್ಲಿ ಇರಲಿ. ಒಬ್ಬ ಬಡ ವಿದ್ಯಾರ್ಥಿಯ ವಿದ್ಯಾರ್ಥಿವೇತನ ಆ ಒಂದು ಪ್ರತಿಯ ಮೇಲೆ ನಿಂತಿರಬಹುದು.