ಬಸ್ರೂರಿನ ಕೂಟ ಮತ್ತು ಕಂದಾಯದ ನ್ಯಾಯ

ಕರಾವಳಿಯ ಬ್ರಿಟಿಷ್ ವಿರೋಧಿ ಹೋರಾಟ ಎಂದೊಡನೆ ನಮಗೆ ನೆನಪಾಗುವುದು 1837ರ ಕಲ್ಯಾಣಪ್ಪನ ಕಾಟಕಾಯಿ. ಅದಕ್ಕೂ ಆರು ವರ್ಷ ಮೊದಲೇ ಕುಂದಾಪುರ, ಬ್ರಹ್ಮಾವರ ಭಾಗದ ರೈತರು ಒಟ್ಟಾಗಿ ಕಂಪೆನಿ ಸರಕಾರದ ಕಂದಾಯವನ್ನು ನಿರಾಕರಿಸಿದ್ದರು. 1830-31ರ ಆ ರೈತ ಚಳವಳಿ ಚರಿತ್ರೆಯಲ್ಲಿ 'ಕೂಟ' ಎಂಬ ಹೆಸರಿನಿಂದ ಉಳಿದಿದೆ.

1799ರಲ್ಲಿ ಟಿಪ್ಪು ಸುಲ್ತಾನರ ಪತನದೊಂದಿಗೆ ಕೆನರಾ ಕಂಪೆನಿಯ ವಶವಾಯಿತು. ಕಲೆಕ್ಟರ್ ಥಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ಆಧರಿಸಿ ಕಂದಾಯ ಗೊತ್ತುಪಡಿಸಿದರು. 1819-20ರಲ್ಲಿ 'ಠರಾವು' ಬಂತು. ಕಂಪೆನಿಯ ಕಾಲದಲ್ಲಿ ಒಂದೊಂದು ಹಿಡುವಳಿಯಿಂದ ವಸೂಲಾದ ಹಣದ ಸರಾಸರಿಯೇ ಅದರ ಕಂದಾಯದ ಮಿತಿಯಾಯಿತು. ಮಣ್ಣಿನ ಗುಣವನ್ನಾಗಲಿ, ಬೆಳೆಯನ್ನಾಗಲಿ ಯಾರೂ ಅಳೆಯಲಿಲ್ಲ. ಹಿಂದೆ ಹೆಚ್ಚು ಕೊಟ್ಟವನ ಮೇಲೆ ಹೆಚ್ಚು ಹೊರೆ, ತಪ್ಪಿಸಿಕೊಂಡವನಿಗೆ ಕಡಿಮೆ! ಇದರ ಮೇಲೆ ಅಕ್ಕಿಯ ಬೆಲೆ ಇಳಿದಾಗ, ನಗದಿನಲ್ಲಿ ಕಟ್ಟಬೇಕಾದ ಅದೇ ಕಂದಾಯಕ್ಕೆ ರೈತ ಹೆಚ್ಚು ಅಕ್ಕಿ ಮಾರಬೇಕಾಯಿತು.

ರೈತರು ಮೊದಲು ಅರ್ಜಿ ಕೊಟ್ಟರು. ಕುಂಬಳೆ, ಮಂಜೇಶ್ವರಗಳಿಂದ ಶುರುವಾದ ಅರ್ಜಿಗಳು ಉತ್ತರಕ್ಕೂ ಹಬ್ಬಿದವು. ದೂರಿನಲ್ಲಿ ಹುರುಳಿಲ್ಲ ಎಂಬುದು ಕಲೆಕ್ಟರ್ ಡಿಕಿನ್‌ಸನ್ ಅವರ ಅಭಿಪ್ರಾಯವಾಗಿತ್ತು. ಆಗ ಜನ ಕೂಟ ಸೇರಿದರು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನ ಮಹಾಕೂಟದ ನೆಲೆಯಾದರೆ, ಕುಂದಾಪುರದ ಬಳಿ ಬಸ್ರೂರಿನ ವೆಂಕಟರಮಣ ದೇವಸ್ಥಾನ ಇನ್ನೊಂದು ಕೇಂದ್ರವಾಯಿತು. ಸಭೆ ದೇವಸ್ಥಾನದಲ್ಲಿ ನಡೆದರೂ ಸೇರಿದವರು ಬೇರೆ ಬೇರೆ ಧರ್ಮದವರು. ಕಂದಾಯದ ಭಾರಕ್ಕೆ ಧರ್ಮದ ಭೇದವಿರಲಿಲ್ಲವಷ್ಟೆ. ಬಾರ್ಕೂರು, ಬ್ರಹ್ಮಾವರಗಳಲ್ಲಿ ಆ ವರ್ಷದ ಜಮಾಬಂದಿಯೇ ನಡೆಯಲಾಗಲಿಲ್ಲ. ಯಾರಿಗೆಷ್ಟು ನಷ್ಟವೆಂದು ಬಿಡಿಬಿಡಿಯಾಗಿ ಲೆಕ್ಕ ಕೊಡಲು ಪಟೇಲರನ್ನು ರೈತರು ಬಿಡಲಿಲ್ಲ. ಎಲ್ಲರಿಗೂ ಮಾಫಿ ಬೇಕೆಂಬುದು ಅವರ ಬೇಡಿಕೆಯಾಗಿತ್ತು.

ಇಲ್ಲಿ ನಾವು ಒಂದು ಪ್ರಶ್ನೆ ಕೇಳಲೇಬೇಕು. ಮಾಫಿ ಸಿಕ್ಕಿದ್ದರೆ ಅದು ಯಾರ ಮನೆ ತಲಪುತ್ತಿತ್ತು? ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದವರು ವರ್ಗದಾರರು, ಅಂದರೆ ಭೂಮಿಯ ಒಡೆಯರು. ಅವರ ಗದ್ದೆ ಉಳುತ್ತಿದ್ದ ಚಾಲಗೇಣಿ ಒಕ್ಕಲಿನ ಹೆಸರು ಸರಕಾರದ ಕಂದಾಯ ಲೆಕ್ಕದಲ್ಲಿಲ್ಲ. ಅವನು ಗೇಣಿ ಅಳೆಯುತ್ತಿದ್ದುದು ಒಡೆಯನಿಗೆ. ಒಡೆಯನ ಕಂದಾಯ ಇಳಿದರೆ ಒಕ್ಕಲಿನ ಗೇಣಿಯೂ ಇಳಿಯಬೇಕೆಂಬ ಕಟ್ಟುಪಾಡಿರಲಿಲ್ಲ. ಅದೇ ಹೊತ್ತಿಗೆ ಉಪ್ಪು ಕಂಪೆನಿಯ ಏಕಸ್ವಾಮ್ಯದಲ್ಲಿತ್ತು. ಗಂಜಿಗೆ ಹಾಕುವ ಉಪ್ಪಿನ ಮೇಲಿನ ಸುಂಕವನ್ನು ಒಡೆಯನೂ ಕೂಲಿಯಾಳೂ ಒಂದೇ ದರದಲ್ಲಿ ತೆತ್ತರು. ಒಬ್ಬನಿಗೆ ಅದು ಗಮನಕ್ಕೂ ಬಾರದ ಖರ್ಚು. ಇನ್ನೊಬ್ಬನಿಗೆ ಅಂದಿನ ದುಡಿಮೆಯ ಒಂದು ಪಾಲು.

ಮಣ್ಣಿನ ಗುಣ ನೋಡಿ ಕಂದಾಯ ನಿಗದಿ ಮಾಡುವ ಸರ್ವೆ ಈ ಜಿಲ್ಲೆಗೆ ಬಂದದ್ದು 19ನೇ ಶತಮಾನದ ಕೊನೆಗೆ. ಉಳುವವನು ಒಡೆಯನಾಗಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಈ ಎರಡು ಅನ್ಯಾಯಗಳಲ್ಲಿ ಮೊದಲನೆಯದನ್ನು ಕೂಟ ಎತ್ತಿ ಹೇಳಿತು. ಎರಡನೆಯದು ಅದರ ಬೇಡಿಕೆಯೊಳಗೆ ಬರಲಿಲ್ಲ.

ಇಂದು ಬೈಂದೂರಿನ ಮೀನುಗಾರ ಮಹಿಳೆ ಆದಾಯ ತೆರಿಗೆ ಕಟ್ಟದಿರಬಹುದು. ಆದರೆ ಅವಳು ಕೊಳ್ಳುವ ಸಾಬೂನಿನ ತೆರಿಗೆ ಕೋಟ್ಯಧಿಪತಿ ಕೊಡುವಷ್ಟೇ. ಖಜಾನೆ ಬರಿದಾಗಿದೆ, ಹೊಟ್ಟೆ ಬಿಗಿಯಿರಿ ಎಂದು ಸರಕಾರಗಳು ಹೇಳುವಾಗ, ತೆರಿಗೆ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಅದು ಕೊನೆಗೆ ಯಾರ ಬೆನ್ನ ಮೇಲೆ ಇಳಿಯುತ್ತದೆ ಎಂದೂ ನಾವು ಕೇಳಬೇಕು.