ತಕ್ಕಡಿಯನ್ನು ತೂಗುವವರು ಯಾರು?

ಇಳಕಲ್ ಪೇಟೆಯ ಅಂಗಡಿಕಾರ ತನ್ನ ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಹಾಕಿಸಲೇಬೇಕು. ಸರಿ, ಆದರೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹದ ಅಳತೆಗೆ ಮುದ್ರೆ ಹಾಕೋರು ಯಾರು? ಕೆಳಗಿಳಿಸಿ ಪರೀಕ್ಷೆ ಮಾಡೋಕಂತೂ ಆಗಲ್ಲ!

ಇದರಿಂದ ನಮಗೇನು ಅಂತೀರಾ? 2019ರ ಆಗಸ್ಟ್ ನೆನಪಿಸಿಕೊಳ್ಳಿ. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳನ್ನೇ ಸುತ್ತುವರಿಯಿತು. ಬಾದಾಮಿ, ಹುನಗುಂದದ ಹೊಳೆದಂಡೆಯ ಊರುಗಳು ನೀರಲ್ಲಿ ನಿಂತವು. ಅಂಥ ದಿನಗಳಲ್ಲಿ ಆಕಾಶದ ತುಂಬ ಮೋಡ, ಮಾಮೂಲಿ ಕ್ಯಾಮೆರಾ ಕುರುಡು. ಮೋಡವನ್ನು ದಾಟಿ ನೋಡೋದು ಮೈಕ್ರೋವೇವ್ ರೇಡಾರ್ ಮಾತ್ರ. ನಿಂತ ನೀರು ಅದರ ಅಲೆಗಳನ್ನು ಕನ್ನಡಿಯಂತೆ ಅತ್ತ ಎಸೆದುಬಿಡುತ್ತದೆ. ಹೀಗಾಗಿ ಚಿತ್ರದಲ್ಲಿ ನೆರೆ ಕಪ್ಪಗೆ ಕಾಣುತ್ತದೆ. ಆದರೆ ಎಷ್ಟು ಕಪ್ಪಾದರೆ ನೀರು, ಎಷ್ಟಾದರೆ ಒದ್ದೆ ಎರೆಹೊಲ? ಅಳತೆ ತಪ್ಪಿದರೆ ಮುಳುಗಿದ ಊರು ನಕ್ಷೆಯಲ್ಲಿ ಒಣಗಿ ಕಾಣುತ್ತದೆ!

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆಜಾನ್ ಕಾಡಿನಲ್ಲಿ. 1978ರಲ್ಲಿ ಅಮೆರಿಕದ ಸೀಸ್ಯಾಟ್ ಉಪಗ್ರಹ ಬದುಕಿದ್ದು ಬರೀ ಮೂರೂವರೆ ತಿಂಗಳು. ಅದು ಬಿಟ್ಟುಹೋದ ಮಾಹಿತಿಯಲ್ಲಿ ವಿಜ್ಞಾನಿಗಳು ಒಂದು ಸಂಗತಿ ಗಮನಿಸಿದರು. ಆ ದಟ್ಟ ಕಾಡಿನ ಎಲೆ-ಕೊಂಬೆಗಳು ರೇಡಾರ್ ಅಲೆಯನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಯಾವ ಕೋನದಿಂದ ನೋಡಿದರೂ ಮರಳಿ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಬೆಳಗಿನ ಇಬ್ಬನಿಗೆ, ಋತುವಿಗೆ ತುಸು ವ್ಯತ್ಯಾಸವಾಗುತ್ತೆ, ಅದನ್ನು ಲೆಕ್ಕ ಹಾಕಿ ಕಳೆಯಬಹುದು. ಕಾಡು ಬದಲಾಗದೆ ಉತ್ತರ ಬದಲಾದರೆ? ಕೆಟ್ಟಿರೋದು ಉಪಕರಣ ಅಂತಾಯ್ತು! ಬರೀ ಶಾಖ ಅಳೆಯುವ ಉಪಕರಣಗಳಿಗೂ ಇದೇ ಕಾಡು ಬಿಸಿಯ ಗುರುತು, ಮೋಡವಿಲ್ಲದ ಶಾಂತ ಕಡಲು ತಂಪಿನ ಗುರುತು.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಉಡುಪಿಯ ಅದಮಾರಿನ ಯು.ಆರ್. ರಾವ್ ಬೆಂಗಳೂರಿನ ಉಪಗ್ರಹ ಕೇಂದ್ರದ ಮುಖ್ಯಸ್ಥರಾಗಿದ್ದಾಗ, 1979ರ ಜೂನ್ 7ರಂದು ಭಾಸ್ಕರ-1 ಹಾರಿತು. ಅದರಲ್ಲಿ 'ಸಮೀರ್' ಎಂಬ ಮೈಕ್ರೋವೇವ್ ಉಪಕರಣವಿತ್ತು. ಮುಂದೆ 2009ರ ಸೆಪ್ಟೆಂಬರ್ 23ರಂದು ಓಷನ್‌ಸ್ಯಾಟ್-2 ಕಡಲ ಗಾಳಿ ಅಳೆಯಲು ಹೊರಟಿತು. ಅದೇ ನವೆಂಬರ್‌ನಲ್ಲಿ ನಾಸಾದ ಕ್ವಿಕ್‌ಸ್ಕ್ಯಾಟ್‌ನ ಆಂಟೆನಾ ತಿರುಗೋದು ನಿಂತಿತು. ಆದರೂ ಅದನ್ನು ಮೂಲೆಗೆ ಎಸೆಯಲಿಲ್ಲ! ನಿಂತಲ್ಲೇ ನಿಂತ ಆ ಮುದುಕನ ಅಳತೆಗೆ ನಮ್ಮ ಹೊಸಬನ ಅಳತೆಯನ್ನು ಹೋಲಿಸಿ ನೋಡಿದರು. 2012ರ ಏಪ್ರಿಲ್ 26ರಂದು, ಮೋಡ ದಾಟಿ ನೋಡುವ ನಮ್ಮದೇ ರೇಡಾರ್ ಹೊತ್ತು ರಿಸ್ಯಾಟ್-1 ಏರಿತು.

ಈಗ ಯೋಚಿಸಿ. ಅಮೆಜಾನ್‌ನಲ್ಲಿ ಕೊಡಲಿ ಬಿದ್ದ ಜಾಗ ಅಳತೆಗೋಲಾಗಿ ಉಳಿಯಲ್ಲ. ಅಲ್ಲಿ ಕಾಡು ಕಡಿದರೆ ಇಲ್ಲಿ ಮಲಪ್ರಭೆಯ ನೆರೆ ಅಳೆಯುವ ಬಟ್ಟೇ ಸವೆಯುತ್ತದೆ. ಆ ಕಾಡು ಬ್ರೆಜಿಲ್‌ನವರ ಸ್ವತ್ತು ಮಾತ್ರ ಅಂತ ಕೂಡಲಸಂಗಮದ ದಡದಲ್ಲಿ ನಿಂತವರೂ ಹೇಳುವಂತಿಲ್ಲ!